ಟ್ರಂಕಿನ ಬೀಗದಲ್ಲಿ ಸಂಸಾರ ಹೂಡಿರುವ ಕಣಜದಮ್ಮನವರಿಗೆ

ಮುಳಬಾಗಿಲು
9 ನವೆಂಬರ್ 1978

ಮಾನ್ಯರೇ,

ನಿನ್ನೆ ಸಂಜೆ ಬರೆಯುತ್ತಾ ನಿಲ್ಲಿಸಿದ್ದು ತಮ್ಮ ಸೊಂಟದ ಬಳಿ. ಅಲ್ಲಿಂದಲೇ ಮುಂದುವರಿಸಲು ಅಪ್ಪಣೆಯಾಗಬೇಕು. ಇಂಟರ್‌ಮೀಡಿಯೆಟ್ಟಿನಲ್ಲಿ ಜುವಾಲಜಿ ಮೇಷ್ಟ್ರು ಆ ದಾರದಂಥ ಸೊಂಟಕ್ಕೆ ಪೀಟಿಯೋಲೋ ಪೀಡಿಯಾಲೋ ಏನೋ ಒಂದು ಹೆಸರು ಹೇಳಿದ್ದರು. ಅದರ ಮುಂದೆ ಥೊರಾಕ್ಸು, ಹಿಂದೆ ಅಬ್ಡಾಮೆನ್ನು, ಆರು ಕಾಲು, ಹಾರುವಾಗ ಬೇರೆಯಾಗದಂತೆ ಕೊಕ್ಕೆ ಹಾಕಿದ ಎರಡು ಜೊತೆ ರೆಕ್ಕೆ, ಎರಡು ದೊಡ್ಡ ಕಣ್ಣು ಸಾಲದೆಂದು ನೆತ್ತಿಯ ಮೇಲೆ ಇನ್ನೂ ಮೂರು ಚಿಕ್ಕವು. ಐದು ಕಣ್ಣಿದ್ದೂ ಗೂಡು ಕಟ್ಟಲು ನನ್ನ ದಿವಂಗತ ಪತ್ನಿ ಸುಂದರಾಬಾಯಿಯ ಟ್ರಂಕಿನ ಬೀಗದ ಹೊರತು ಈ ಊರಿನಲ್ಲಿ ಬೇರೊಂದು ಜಾಗ ಕಾಣಿಸಲಿಲ್ಲವಲ್ಲ, ತಮ್ಮ ದೃಷ್ಟಿಗೆ ಅಭಿನಂದನೆಗಳು.

ಆ ಟ್ರಂಕಿನಲ್ಲಿ ಅವಳ ಒಂದೇ ಒಂದು ಫೋಟೋ ಇದೆ. ಗೋಡೆಗೆ ಹಾಕಿದರೆ ಹಾರವನ್ನೂ ಹಾಕಬೇಕಾಗುತ್ತದೆಂದು ಹಾಕಿಲ್ಲ. ಆಗಾಗ ತೆಗೆದು ನೋಡಿ ಮತ್ತೆ ಇಡುತ್ತೇನೆ. ಈಗ ಬೀಗದ ಕೈ ನನ್ನ ಜನಿವಾರದಲ್ಲಿದೆ, ಬೀಗದ ಬಾಯಲ್ಲಿ ತಮ್ಮ ಮಣ್ಣಿದೆ.

ಒಡೆದು ಹಾಕೋಣವೆಂದರೆ ಪಕ್ಕದ ಮನೆಯ ಅಂಬಾಬಾಯಿ ಬಾಗಿಲಿಗೇ ಬಂದು, “ಮುಟ್ಟಬೇಡಿ ರಾಯರೇ! ಕುಂಬಾರ ಹುಳ ಗೂಡು ಕಟ್ಟಿದ್ರೆ ಆ ಮನೆ ಹೆಣ್ಮಗಳು ಬಸುರಿಯಾಗ್ತಾಳೆ, ನಮ್ಮ ವೇದಾಗೆ ಮದುವೆಯಾಗಿ ಎಂಟು ವರ್ಷ ಆಯ್ತಲ್ಲಾ” ಎಂದು ತಮ್ಮ ಪರ ವಕಾಲತ್ತು ವಹಿಸಿದರು. ಅಷ್ಟಕ್ಕೇ ಬಿಡದೆ ಮಾಲೂರಿನಲ್ಲಿರುವ ನನ್ನ ಮಗಳು ವೇದಾಳಿಗೊಂದು ಕಾರ್ಡೂ ಬರೆದರು. ಹೈಸ್ಕೂಲಿನಲ್ಲಿ ಸೈನ್ಸ್ ಹೇಳಿಕೊಡುವ ಮಗಳಿಂದ ಮರುಟಪಾಲಿಗೇ ಉತ್ತರ ಬಂತು: ಅಪ್ಪಾ, ಗೂಡಿಗೆ ಏನೂ ಮಾಡಬೇಡಿ.

ಕಾಲೇಜು ಮೆಟ್ಟಿಲು ಹತ್ತಿದವನು ಇದನ್ನೆಲ್ಲ ನಂಬುವುದುಂಟೇ? ಮೊನ್ನೆ ಯಾರೂ ಇಲ್ಲದಾಗ ಬೀಗದ ಕೈಯಿಂದ ಗೂಡಿನ ಒಂದು ಮೂಲೆ ಕೆರೆದೆ. ತಾವು ನನ್ನ ಹೆಬ್ಬೆರಳಿಗೆ ಕೂಡಲೇ ಸಮಜಾಯಿಷಿ ನೀಡಿದಿರಿ. ಮೊಟ್ಟೆಯಿಡುವ ಅಂಗವೇ ಮುಳ್ಳಾಗಿರುವುದರಿಂದ ಹೆಣ್ಣು ಕಣಜ ಮಾತ್ರ ಕುಟುಕುತ್ತದೆಂಬ ಪಾಠ ಮೂವತ್ತೈದು ವರ್ಷಗಳ ಮೇಲೆ ಪ್ರಾಕ್ಟಿಕಲ್ಲೂ ಆದಂತಾಯಿತು. ಕೆರೆದ ಸಂದಿನಲ್ಲಿ ಒಂದು ಹಸಿರು ಹುಳ ಕಂಡಿತು. ಸತ್ತಿರಲಿಲ್ಲ, ಅಲುಗುತ್ತಲೂ ಇರಲಿಲ್ಲ. ಇನ್ನೂ ಹುಟ್ಟದ ಮಗುವಿಗೆ ತಾವು ಊಟ ಕಟ್ಟಿಟ್ಟಿದ್ದಿರಿ. ಆಮೇಲೆ ನಾನು ತುಳಸಿಕಟ್ಟೆಯ ಮಣ್ಣು ನೆನೆಸಿ, ಕನ್ನಡಕ ಏರಿಸಿಕೊಂಡು, ಊದಿದ ಬೆರಳಿನಿಂದಲೇ ಆ ಮೂಲೆಯನ್ನು ಮೆತ್ತಿದೆ. ತಮ್ಮ ಕೆಲಸದ ನುಣುಪು ಬರಲಿಲ್ಲ. ಅಂಬಾಬಾಯಿಗೆ ತಿಳಿಸುವ ಅಗತ್ಯವಿಲ್ಲ.

ಆದಕಾರಣ ತಮ್ಮಲ್ಲಿ ಅರಿಕೆಯೇನೆಂದರೆ, ತಮ್ಮ ಕುಮಾರಿಯೋ ಕುಮಾರನೋ ಹೊರಬರುವಾಗ ನೇರವಾಗಿ ಕಿಂಡಿಯ ಮಣ್ಣನ್ನೇ ಕೊರೆದು ಬೀಗದ ಕೈಗೆ ದಾರಿ ಬಿಡಬೇಕು, ಹಾಗೆಯೇ ಮಾಲೂರಿನವರೆಗೆ ಹಾರಿ ಅಲ್ಲಿಯ ಕೆಲಸ ಎಲ್ಲಿಗೆ ಬಂತೆಂದು ನನಗೆ ಬರವಣಿಗೆಯಲ್ಲಿ ತಿಳಿಸಬೇಕು. ಇನ್ನೂ ಬರೆಯುವುದಿತ್ತು, ತಮ್ಮ ಮೀಸೆಯ ವಿಚಾರ ಹಾಗೇ ಉಳಿಯಿತು; ಕಿಟಕಿಯ ಬೆಳಕು ಹೋಗುತ್ತಿದೆ, ಬೀಗವೂ ಸರಿಯಾಗಿ ಕಾಣುತ್ತಿಲ್ಲ.

ಹೆಬ್ಬೆರಳು ಇನ್ನೂ ಊದಿರುವ,
ತಮ್ಮ ವಿಶ್ವಾಸಿ
ಗೋಪೀನಾಥರಾವ್

ತಾ.ಕ.: ಮಾಲೂರಿನಲ್ಲಿ ಏನೂ ನಡೆಸಿಕೊಡದೆ ಮುಂದಿನ ವರ್ಷವೂ ಇಲ್ಲಿಗೇ ಬಂದರೆ ಪೊರಕೆ ಬಾಗಿಲ ಹಿಂದೆಯೇ ಇದೆ. ನಡೆಸಿಕೊಟ್ಟರೆ ಮಗುವಿಗೆ ಅಜ್ಜಿಯ ಮೂಗೇ ಬಂದಿದೆಯೇ ಎಂದು ಹೋಲಿಸಿ ನೋಡಲು ಆ ಫೋಟೋ ಬೇಕಾಗುತ್ತದೆ. ಬೇಗ ಜಾಗ ಖಾಲಿ ಮಾಡಿ.