ಹುಳಿ ಬಿಸಿಮಾಡುವವರು ಯಾರು?

ಬಿಟ್ಟಿ ಸಿಕ್ಕಿದ್ದನ್ನು ಅರ್ಧಕ್ಕೆ ಬಿಡುವುದು ನನ್ನ ಲೆಕ್ಕದಲ್ಲಿ ಪಾಪ. ನಾವು ನೆಲೆಸಿರುವ ಈ ಪರದೇಶದ ಊರಿನ ಕರೆನ್ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದ ಇಟಲಿಯ ಸಿನಿಮಾದವನೊಬ್ಬ ನನ್ನ ಅಂಗಡಿಗೆ ಬಂದು ಬಚ್ಚಲುಮನೆಯ ನಲ್ಲಿಗಳ ಬೆಲೆ ಇಳಿಸೆಂದಾಗ, ಹಾಗಾದರೆ ನೀನು ಮಾಡಿದ ಸಿನಿಮಾವನ್ನು ನಮ್ಮ ಕನ್ನಡ ಸಂಘಕ್ಕೆ ಪುಕ್ಕಟೆ ತೋರಿಸು ಎಂದೆ. ನೀವೂ ವ್ಯಾಪಾರಕ್ಕೆ ಕೂತಾಗ ಎದುರಿನವರ ಹುಚ್ಚು ಯಾವುದೆಂದು ಮೊದಲು ವಿಚಾರಿಸಿ. ಬೆಲೆಯಲ್ಲಿ ಬಿಗಿಯಾದವರು ಅಲ್ಲಿ ಸಡಿಲವಾಗಿರುತ್ತಾರೆ.

ಹಾಗೆ ಹೈರಿಡ್ಜ್‌ನ ಹಾಲ್‌ಗೆ, ನಮ್ಮ ತಿಂಗಳ ಸಿನಿಮಾ ಸಂಜೆಗೆ, ಈ ಕಾಲದ ಕ್ರಾಂತಿಗಳ ಸಾಕ್ಷ್ಯಚಿತ್ರ ಬಂತು. ಕಥೆಯಿಲ್ಲ, ನಾಯಕನಿಲ್ಲ. ಯಾವ್ಯಾವುದೋ ದೇಶದ ಸುದ್ದಿ, ಯಾರದೋ ಮೊಬೈಲಿನ ದೃಶ್ಯ, ಎಲ್ಲ ಸೇರಿಸಿ ಹೊಲಿದ ಕೌದಿ. ಒಂದು ಕಡೆ ಚೌಕದಲ್ಲಿ ಕೂತ ಜನ ಏಳುವುದೇ ಇಲ್ಲ. ಇನ್ನೊಂದು ಕಡೆ ಮುದುಕಿಯೊಬ್ಬಳು ಪೊಲೀಸರೆದುರು ಪಾತ್ರೆ ಬಡಿಯುತ್ತಾಳೆ. ಪೂರ್ತಿ ಅರ್ಥವಾಗಲಿಲ್ಲ, ಕಣ್ಣು ಕೀಳಲೂ ಆಗಲಿಲ್ಲ.

ಮುಕ್ಕಾಲು ಮುಗಿದಾಗ ಸಂಘದ ಅಧ್ಯಕ್ಷರಾದ ರಾಯರು, ಔಷಧ ಕಾರ್ಖಾನೆಯ ಮ್ಯಾನೇಜರು, ನನ್ನ ಕಿವಿಯ ಬಳಿ ಬಗ್ಗಿದರು. "ಏನ್ರೀ ಇದು, ಬರೀ ಗಲಾಟೆ. ನಾವು ವರ್ಕ್ ಪರ್ಮಿಟ್ ಮೇಲಿರೋರು. ಆಫ್ ಮಾಡಿ, ಊಟಕ್ಕೇಳೋಣ."

"ಆಗಲ್ಲ ಸರ್. ಪೂರ್ತಿ ನೋಡಿಯೇ ಏಳೋದು."

"ಹೋಗ್ಲಿ, ಹತ್ತು ನಿಮಿಷ ತಗೊಳ್ಳಿ."

"ಚೌಕಾಸಿ ನನ್ನ ಹತ್ರಾನಾ? ಬೇಕಾದ್ರೆ ಕಮಿಟಿಯಿಂದ ತೆಗೀರಿ. ಯಾರನ್ನೂ ಅರ್ಧಕ್ಕೆ ಎಬ್ಬಿಸೋ ಹಕ್ಕು ನಿಮಗಿಲ್ಲ." ರಿಮೋಟನ್ನು ಜೇಬಿಗಿಳಿಸಿದೆ. ಹಿಂದಿನ ಸಾಲಿನ ಮಕ್ಕಳು "ಡೋಂಟ್ ಸ್ಟಾಪ್, ಅಂಕಲ್" ಎಂದು ಚಪ್ಪಾಳೆ ತಟ್ಟಿದರು.

ನಾನು ಉಬ್ಬುತ್ತಿರುವಾಗ ಪಕ್ಕದಿಂದ ಹೆಂಡತಿ ಸುಧಾ ಕೇಳಿದಳು, "ಯಾರನ್ನೂ ಅಂದ್ರೆ ನಮ್ಮನ್ನೂ ತಾನೆ?"

ನಮ್ಮ ಸಂಘದಲ್ಲೊಂದು ಪದ್ಧತಿಯಿದೆ. ಸಿನಿಮಾ ಮುಕ್ಕಾಲಾದಾಗ ಹೆಂಗಸರು ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಮುಗಿಯುವಷ್ಟರಲ್ಲಿ ಹುಳಿ ಕುದಿಯುತ್ತಿರಬೇಕು. ಅವರಲ್ಲಿ ಒಬ್ಬರೂ ಇಲ್ಲಿ ಒಂದು ಸಿನಿಮಾದ ಕೊನೆ ಕಂಡವರಲ್ಲ. ಆವತ್ತು ಒಬ್ಬರೂ ಏಳಲಿಲ್ಲ. ಸೆರಗು ಸರಿಮಾಡಿಕೊಂಡು ಕುರ್ಚಿಗೆ ಒರಗಿದರು.

"ಹುಳಿ ತಣ್ಣಗಿದೆಯಲ್ಲಮ್ಮಾ," ಎಂದರು ರಾಯರು.

"ಗ್ಯಾಸ್ ಅಲ್ಲೇ ಇದೆ ಸರ್," ಎಂದಳು ಸುಧಾ, ಪರದೆಯಿಂದ ಕಣ್ಣು ತೆಗೆಯದೆ.

ರಾಯರು ನನ್ನನ್ನು ನೋಡಿದರು. ಹಕ್ಕಿನ ಮಾತಾಡಿದವನು ಆ ಹಾಲ್‌ನಲ್ಲಿ ನಾನೊಬ್ಬನೇ. ಎದ್ದೆ. ಅವರೂ ಬಂದರು, ಸೌಟು ಹಿಡಿಯಲು ಅಲ್ಲ, ಉಪ್ಪು ನೋಡಲು. ಗೋಡೆಯಾಚೆ ಘೋಷಣೆ ಮೊಳಗುತ್ತಿತ್ತು. ಆಮೇಲೆ ದೀರ್ಘ ಮೌನ. ಆಮೇಲೆ ಹೆಂಗಸರೆಲ್ಲ ಒಟ್ಟಿಗೆ ನಕ್ಕ ಸದ್ದು. ತಳ ಹತ್ತುತ್ತಿದ್ದ ಹುಳಿಯನ್ನು ಬಿಟ್ಟು ಓಡುವಂತಿರಲಿಲ್ಲ.

ಊಟ ಮುಗಿಸಿ ಮನೆಗೆ ಹೊರಟು, ವೆಸ್ಟ್‌ಲ್ಯಾಂಡ್ಸ್‌ನ ಟ್ರಾಫಿಕ್ ಜಾಮಿನಲ್ಲಿ ಕಾರು ನಿಂತಾಗ ಸುಧಾಳನ್ನು ಕೇಳಿದೆ, "ಕೊನೆಗೇನಾಯ್ತೇ?"

"ಕೊನೇಲಿ ಎಲ್ಲ ಸರಿಹೋಯ್ತು ಅಂದ್ಕೊಳ್ಳಿ," ಎಂದಳು. "ಇಷ್ಟು ವರ್ಷ ನೀವು ನನಗೆ ಹೇಳಿದ್ದೂ ಅಷ್ಟೇ ತಾನೆ."

ಮನೆ ಮುಟ್ಟುವವರೆಗೂ ಚೌಕಾಸಿ ಮಾಡಿದೆ. ಅವಳು ಒಂದು ದೃಶ್ಯವನ್ನೂ ಬಿಟ್ಟುಕೊಡಲಿಲ್ಲ.