ಮಂಡೆಕೋಲಿಗೆ ಹೋದ ಸಣ್ಣ ಲ್ಯಾಪ್‌ಟಾಪ್

ಸುಳ್ಯದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಮೇಲೆ ನನಗೆ ಗೊತ್ತಾದದ್ದು ಒಂದು. ನಗು ಬರುವುದು ನಗಬಾರದ ಜಾಗದಲ್ಲೇ. ತಡೆದುಕೊಂಡರೆ ಹೊಟ್ಟೆನೋವು, ನಕ್ಕರೆ ಗಿರಾಕಿ ಹೋದರು. ಈ ಮೂರೂ ಪ್ರಸಂಗಗಳು ಒಂದೇ ಲ್ಯಾಪ್‌ಟಾಪಿನವು.

ತೂಕ

ಮಂಡೆಕೋಲು ಕಡೆಯ ರಬ್ಬರ್ ಕೃಷಿಕರೊಬ್ಬರು ಬಂದರು. ಮಾತು ನಿಲ್ಲಿಸಿ ಅಭ್ಯಾಸವಿಲ್ಲದ ಮನುಷ್ಯ.

“ಸಣ್ಣದೊಂದು ಲ್ಯಾಪ್‌ಟಾಪ್ ಬೇಕು, ಕಡಿಮೆ ರೇಟಿಂದು. ನೆಟ್ ಬಂದ್ರೆ ಸಾಕು. ಹೆಂಡತಿಗೆ ಗಂಟಲಿನ ಆಪರೇಷನ್ ಆಗಿ ಸ್ವರ ಹೋಗಿದೆ. ಇನ್ನು ಬರುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಟೈಪ್ ಮಾಡಿದ್ರೆ ಅದೇ ಓದಿ ಹೇಳ್ತದಂತಲ್ಲ? ಮೊಬೈಲಿನ ಅಕ್ಷರ ಅವಳಿಗೆ ಕಾಣುದಿಲ್ಲ.”

ಹೇಳುತ್ತದೆ ಅಂದೆ. ಸಣ್ಣವನ್ನೆಲ್ಲ ಕಪಾಟಿನಿಂದ ತೆಗೆದು ಮುಂದಿಟ್ಟೆ.

ಹೆಂಡತಿಗೆ ಭಾರ ಆಗಬಾರದೆಂದು ಒಂದೊಂದನ್ನೇ ಅಂಗೈಯಲ್ಲಿಟ್ಟು ತೂಗಿದರು, ಒಣಗಿಸಿದ ರಬ್ಬರ್ ಶೀಟು ತೂಗಿದ ಹಾಗೆ. ಒಂದನ್ನು ಹಿಡಿದು, “ಕಿಲೋ ಮೇಲೆ ನೂರು ಗ್ರಾಂ” ಅಂದರು. ಪೆಟ್ಟಿಗೆಯ ಮೇಲೆ ಇನ್ನೂರು ಎಂದಿತ್ತು. ತೋರಿಸಿದೆ.

ಅವರು ಗಂಭೀರವಾಗಿ ತಲೆಯಾಡಿಸಿದರು. “ಕಂಪನಿಯವರು ಒಣಗುವ ಮೊದಲೇ ತೂಗಿದ್ದಾರೆ.”

ಮಲಯಾಳ

ಮನೆಯಲ್ಲಿ ತೋರಿಸಿ ಬರ್ತೇನೆ ಎಂದು ಅದನ್ನೇ ಒಯ್ದರು. ನಮ್ಮೂರಲ್ಲಿ ಅಂಗಡಿಯಿಂದ ಸೀರೆ ಒಯ್ಯುವ ಕ್ರಮವೂ ಹೀಗೇ, ಬೇಡ ಎನ್ನಲಾಗುವುದಿಲ್ಲ. ಎರಡು ದಿನಕ್ಕೆ ವಾಪಸು ಬಂದರು.

“ಇದು ಆಗುದಿಲ್ಲ. ತೆರೆದ್ರೆ ಜಾಹೀರಾತೆಲ್ಲ ಮಲಯಾಳದಲ್ಲಿ ಬರ್ತದೆ. ಅವಳಿಗೆ ಮಲಯಾಳ ಓದ್ಲಿಕ್ಕೆ ಬರುದಿಲ್ಲ. ಕನ್ನಡದ ಲ್ಯಾಪ್‌ಟಾಪ್ ಕೊಡಿ.”

ಅವರ ಮನೆ ಗಡಿಯಲ್ಲಿ. ನೆಟ್‌ಗೆ ಜೋಡಿಸಿದ ಮೊಬೈಲು ಆಚೆ ಕೇರಳದ ಟವರ್ ಹಿಡಿದಿರಬೇಕು ಎಂದು ವಿವರಿಸಿದೆ. ಸೆಟ್ಟಿಂಗ್ ಬದಲಿಸಿ ಕೊಡುತ್ತೇನೆ ಎನ್ನುವಷ್ಟರಲ್ಲಿ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟು ಹೊರಟಾಗಿತ್ತು. ಮರುದಿನ ಫೋನು.

“ಮೇಜು ಈಚೆ ಬದಿಗೆ ಸರಿಸಿ ಸರಿಸಿ ಕನ್ನಡ ಬಂತು ಮಾರಾಯ್ರೆ. ಮೇಜು ಮಾತ್ರ ಈಗ ಹಟ್ಟಿಯಲ್ಲಿ ಉಂಟು, ದನದ ಹತ್ತಿರ.”

ಮಾತು

ಮೂರನೆಯ ಸಲ ಹೆಂಡತಿಯೂ ಜೊತೆಗೆ ಬಂದರು. ಹಟ್ಟಿಯಲ್ಲಿ ಕೂರಲು ಅವರು ಒಪ್ಪಲಿಲ್ಲವಂತೆ. ಹಾಗೆಂದು ಹೇಳಿದ್ದೂ ಗಂಡನೇ.

ಸೆಟ್ಟಿಂಗ್ ಸರಿ ಮಾಡಿ, ಟೈಪ್ ಮಾಡಿದ್ದನ್ನು ಓದುವ ವ್ಯವಸ್ಥೆಯನ್ನೂ ಹಾಕಿ, ಆಕೆಯ ಎದುರು ಇಟ್ಟೆ. “ಕೀ ಒತ್ಲಿಕ್ಕೆ ಸುಲಭ ಆಗ್ತದಾ ಅಕ್ಕ?”

“ಅವಳಿಗೆ ಎಲ್ಲ ಆಗ್ತದೆ” ಅಂದರು ಗಂಡ.

“ಅಕ್ಷರ ಇಷ್ಟು ದೊಡ್ಡ ಸಾಕಾ?”

“ಅವಳಿಗೆ ಧಾರಾಳ ಸಾಕು.”

ಆಕೆ ಒಂದು ಬೆರಳಲ್ಲಿ ಹುಡುಕಿ ಹುಡುಕಿ ಒತ್ತತೊಡಗಿದರು. ಅಷ್ಟು ಹೊತ್ತೂ ಗಂಡ ಆಕೆಯ ಇಷ್ಟಾನಿಷ್ಟಗಳನ್ನು ನನಗೆ ಹೇಳುತ್ತಲೇ ಇದ್ದರು. ಕೊನೆಗೆ ಲ್ಯಾಪ್‌ಟಾಪ್ ಗಟ್ಟಿಯಾಗಿ ಓದಿತು:

“ನನಗೂ ಸ್ವಲ್ಪ ಮಾತಾಡ್ಲಿಕ್ಕೆ ಬಿಡಿ ಮಾರಾಯ್ರೆ.”

ನಾನು ನಗು ತಡೆಯಲು ಮೇಜಿನಡಿ ಚಾರ್ಜರ್ ಹುಡುಕಿದೆ. ಮೇಲೆದ್ದಾಗ ಗಂಡ ಸುಮ್ಮನೆ ನಿಂತಿದ್ದರು. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಹೆಗಲ ಬೈರಾಸಿನಿಂದ ಕಣ್ಣು ಒರೆಸಿಕೊಂಡರು.

“ಇದೇ ಇರ್ಲಿ. ಅವಳು ಬೈಯದೆ ನಾಲ್ಕು ತಿಂಗಳಾಗಿತ್ತು.”