ಒಲ್ಲೆ ಅಂದರೆ ಇನ್ನೊಮ್ಮೆ ಕೇಳು

ನನಗೆ ಸಿಟ್ಟು ಬಂದಾಗ ನಾನು ಬೈಯುವುದಿಲ್ಲ, ಪಾತ್ರೆ ತಿಕ್ಕುತ್ತೇನೆ. ಇದು ದೇವರ ಪೂಜೆಯಿಂದ ಬಂದ ಸಹನೆ ಎಂದು ನಮ್ಮ ಬಿಲ್ಡಿಂಗಿನ ಹೆಂಗಸರು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ. ನಿಜ ಏನೆಂದರೆ, ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಬಿಲ್ಡಿಂಗಿನ ಗೋಡೆಗಳು ತೀರ ತೆಳು. ಪಕ್ಕದ ಮನೆಯಲ್ಲಿ ಮಗು ಸೀನಿದರೆ ನಮ್ಮ ಮನೆಯಲ್ಲಿ ನಾನು ‘ಚಿರಂಜೀವಿ’ ಅನ್ನುತ್ತೇನೆ. ಇಂಥಲ್ಲಿ ಬಾಯಿ ಬಿಟ್ಟು ಕೂಗಾಡಿದರೆ ನಾಲ್ಕೂ ಮಹಡಿಗೆ ನೋಟೀಸು ಅಂಟಿಸಿದಂತೆ. ಆದ್ದರಿಂದ ಸಿಟ್ಟು ಬಂದ ಕೂಡಲೇ ಹುಣಸೆಹಣ್ಣು ಹಿಡಿದುಕೊಂಡು ದೇವರ ಪಾತ್ರೆಗಳ ಮೇಲೆ ಬೀಳುತ್ತೇನೆ. ಹೋದ ಮೇ ತಿಂಗಳಲ್ಲಿ ಒಂದು ವಾರ ನಮ್ಮ ತಾಮ್ರದ ತಂಬಿಗೆ ಹೇಗೆ ಹೊಳೆಯುತ್ತಿತ್ತೆಂದರೆ, ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು. ನಮ್ಮನೆಯವರು ಅದನ್ನು ನೋಡಿ, “ಏನ್ ಸುಮಾ, ಹಬ್ಬ ಅದ ಏನು ಇವತ್ತ?” ಎಂದು ಕೇಳಿದರು. ಇಪ್ಪತ್ತು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಹಬ್ಬ ಯಾವುದು, ಹೆಂಡತಿಯ ಸಿಟ್ಟು ಯಾವುದು ಎಂದು ಗೊತ್ತಾಗದಿದ್ದರೆ ನಾನೇನು ಮಾಡಲಿ!

ಸಿಟ್ಟಿನ ಕಾರಣ ಒಂದು ಥೀಮ್ ಪಾರ್ಕು. ನನಗೆ ಮೂರು ಮಕ್ಕಳು. ಹಿರಿಯಳು ಅನಘಾ, ಹದಿನೇಳು ವರ್ಷ, ಕಾಲೇಜು. ನಡುವಿನವನು ಸಮರ್ಥ, ಹನ್ನೊಂದು. ಕೊನೆಯದು ಚಿನ್ನು, ನಾಲ್ಕೂವರೆ. ಮೂವರೂ ರಜೆಯಲ್ಲಿ ಹೈವೇ ಮೇಲೆ ಎರಡು ತಾಸಿನ ದಾರಿಯಲ್ಲಿರುವ ಆ ಪಾರ್ಕಿಗೆ ಹೋಗಲೇಬೇಕೆಂದು ಹಟ ಹಿಡಿದರು. ಹೋಗಬೇಕೆಂಬುದರಲ್ಲಿ ಒಮ್ಮತ, ಹೋಗಿ ಏನು ಮಾಡಬೇಕೆಂಬುದರಲ್ಲಿ ಮಹಾಯುದ್ಧ. ಅನಘಾಗೆ ತಲೆ ಕೆಳಗೆ ಮಾಡಿ ತಿರುಗಿಸುವ ರೈಲು ಬೇಕು. ಅದಕ್ಕೆ ಇಂತಿಷ್ಟು ಎತ್ತರ ಇರಬೇಕಂತೆ, ಸಮರ್ಥ ಎರಡು ಬೆರಳು ಕಡಿಮೆ. ಅವನು ಎರಡು ವಾರ ಬಾಗಿಲ ಚೌಕಟ್ಟಿಗೆ ಜೋತುಬಿದ್ದ, ಮೂರು ಜೊತೆ ಕಾಲುಚೀಲ ಹಾಕಿಕೊಂಡು ಗೋಡೆಗೆ ಬೆನ್ನು ಆನಿಸಿ ನಿಂತ, “ಮಮ್ಮಿ, ಪೆನ್ಸಿಲ್ ಸ್ವಲ್ಪ ಮೇಲೆ ಹಿಡಿ ನಾ” ಎಂದು ನನ್ನನ್ನು ಪಾಪಕ್ಕೆ ಎಳೆದ. ಚಿನ್ನುಗೆ ಕರಡಿ ನೋಡಬೇಕು. ಆದರೆ ಕರಡಿಯ ವೇಷ ಹಾಕಿದ ಮನುಷ್ಯ ಹತ್ತಿರ ಬರಬಾರದು. ಅವಳಿಗೆ ಎರಡು ಗಂಟೆಗೆ ನಿದ್ದೆ ಬೇಕು, ಅರ್ಧ ತಾಸಿಗೊಮ್ಮೆ ಬಾತ್‌ರೂಮು ಬೇಕು.

ನಮ್ಮನೆಯವರು ಇದಕ್ಕೆಲ್ಲ ಒಂದೇ ಮಾತಿನ ಪರಿಹಾರ ಕೊಟ್ಟರು. ಸಮರ್ಥನನ್ನು ಕರೆದು, “ಟಿಕೆಟ್ ಗೇಟಿನ್ಯಾಗ ಅಳತಿ ಮಾಡೂವಾಗ ಮೊಣಕಾಲ ಸ್ವಲ್ಪ ಬಗ್ಗಿಸು, ಅರ್ಧಾ ಟಿಕೆಟ್ ಆಗ್ತದ. ರೈಡ್ ಮುಂದ ಅಳತಿ ಮಾಡೂವಾಗ ಹಿಮ್ಮಡ ಎತ್ತು,” ಎಂದು ಉಪದೇಶ ಮಾಡಿದರು. ದಿನಾ ಸಂಜೆ ದೀಪ ಹಚ್ಚಿ, ದೇವರು ಕೊಟ್ಟದ್ದನ್ನು ಬೆರಳು ಮಡಚಿ ಎಣಿಸುವ ರೂಢಿ ನನ್ನದು. ನಲ್ಲಿ ನೀರು ಸರಿಯಾಗಿ ಐದೂವರೆಗೆ ಬರುತ್ತದೆ, ಒಂದು. ಅಡುಗೆಮನೆ ಕಿಟಕಿಯಿಂದ ಅಂಗೈಯಗಲ ಗುಡ್ಡ ಕಾಣುತ್ತದೆ, ಎರಡು. ಮಕ್ಕಳಿಗೆ ಸುಳ್ಳು ಕಲಿಸದ ಗಂಡ ಎಂಬುದು ಮೂರನೆಯ ಬೆರಳು. ಅಂದು ಆ ಬೆರಳನ್ನು ಮಡಚದೆ ಹಾಗೇ ನೆಟ್ಟಗೆ ಬಿಟ್ಟು ನಮಸ್ಕಾರ ಮಾಡಿದೆ.

ಹೋಗುವ ದಿನವನ್ನು ಆರಿಸಿಕೊಟ್ಟವಳು ನಾನು. ಪಂಚಾಂಗ ಮುಂದಿಟ್ಟುಕೊಂಡು ಏಕಾದಶಿ ಬಿಟ್ಟು, ಸಂಕಷ್ಟಿ ಬಿಟ್ಟು, ಅಮಾವಾಸ್ಯೆ ಬಿಟ್ಟು, ಹೊಟ್ಟೆ ತುಂಬ ಉಂಡು ತಿರುಗಬಹುದಾದ ಒಂದು ಭಾನುವಾರ ಹುಡುಕಿಕೊಟ್ಟೆ. ಮನೆಯಲ್ಲಿ ಉಪವಾಸ ಮಾಡುವವಳು ನಾನೊಬ್ಬಳೇ. ಮನೆಯಲ್ಲಿಯೇ ಉಳಿಯುವವಳು ಇಷ್ಟೆಲ್ಲ ಯಾಕೆ ನೋಡುತ್ತಾಳೆ ಎಂದು ಒಬ್ಬರಿಗಾದರೂ ಹೊಳೆಯಬೇಕಿತ್ತು.

ಈಗ ಒಂದು ಮಾತು ನಿಮಗೆ ಮಾತ್ರ ಹೇಳುತ್ತೇನೆ. ಆ ಪಾರ್ಕಿನ ವಿಡಿಯೋವನ್ನು ನಾನು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಮೂರು ಸಲ ನೋಡಿದ್ದೆ. ಅದರಲ್ಲಿ ಒಂದು ದೋಣಿ ಇದೆ. ಕಟಕಟ ಎಂದು ಎತ್ತರಕ್ಕೆ ಏರುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ದೊಪ್ಪನೆ ನೀರಿಗೆ ಜಾರುತ್ತದೆ. ಬೀಳುವಾಗ ಎಲ್ಲರೂ ಕೂಗುತ್ತಾರೆ. ನನ್ನಷ್ಟೇ ದಪ್ಪ ಇದ್ದ ಒಬ್ಬ ಹೆಂಗಸು ಎರಡೂ ಕೈ ಎತ್ತಿ ಕೂಗುತ್ತಿದ್ದಳು. ಯಾರೂ ಅವಳನ್ನು “ಏನಾತು?” ಎಂದು ಕೇಳಲಿಲ್ಲ. ಮುಂಬೈಗೆ ಬಂದು ಇಪ್ಪತ್ತು ವರ್ಷವಾಯಿತು, ನಾನು ಒಮ್ಮೆಯೂ ಹಾಗೆ ಕೂಗಿಲ್ಲ. ಧಾರವಾಡದಲ್ಲಿ ನಮ್ಮ ಹಿತ್ತಲಲ್ಲಿ ಅವ್ವನನ್ನು ಕರೆಯಲು ಕೂಗಿದ್ದೇ ಕೊನೆ. ನನಗೆ ಆ ದೋಣಿ ಬೇಕಿತ್ತು.

ಒಂದು ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದೆ. ಅನಘಾ ಮೊಬೈಲಿನಿಂದ ತಲೆ ಎತ್ತದೆ, ತನ್ನ ಹಿಂದಿ ಬೆರೆತ ಮುಂಬೈ ಕನ್ನಡದಲ್ಲಿ ಕೇಳಿದಳು, “ಮಮ್ಮಿ, ನೀ ಬರ್ತೀ ಕ್ಯಾ?”

“ನಾ ಒಲ್ಲೆವಾ. ನನಗ್ಯಾಕ ಆ ಚಕ್ರಾ ಗಿಕ್ರಾ? ನೀವ ಹೋಗಿ ಬರ್ರಿ,” ಎಂದೆ.

“ಓಕೆ,” ಎಂದಳು. ಬೆರಳಿನಿಂದ ಒಂದು ಸಲ ಒತ್ತಿದಳು. ಟಿಕೆಟ್ ಬುಕ್ ಆಯಿತು.

ಆ ‘ಓಕೆ’ ನನ್ನ ಎದೆಗೆ ಹೇಗೆ ನಾಟಿತು ಎಂದರೆ, ತವೆಯ ಮೇಲಿನ ಚಪಾತಿ ಕರಕಾಗುವವರೆಗೆ ನನಗೆ ಎಚ್ಚರವಿಲ್ಲ. ನಮ್ಮ ಕಡೆ ಯಾರಾದರೂ ಏನಾದರೂ ಕೊಟ್ಟರೆ, ಕರೆದರೆ, ಮೊದಲು ‘ಒಲ್ಲೆ’ ಅನ್ನಬೇಕು. ಅದು ಮರ್ಯಾದೆ. ಕೇಳಿದವರು ಎರಡನೆಯ ಸಲ ಕೇಳಬೇಕು, ಮೂರನೆಯ ಸಲ ಒತ್ತಾಯ ಮಾಡಬೇಕು. ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರು ಬಂದಾಗ ಒಲ್ಲೆ ಒಲ್ಲೆ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಆದರೆ ಬೆರಳುಗಳ ನಡುವೆ ಸಂದು ಇರುತ್ತದೆ. ಬಡಿಸುವವರು ಬಾಯಿಯ ಮಾತು ಕೇಳುವುದಿಲ್ಲ, ಬೆರಳಿನ ಸಂದು ನೋಡುತ್ತಾರೆ. ನನ್ನ ಸೋದರಮಾವ ಅಂತೂ ಬೀಗರ ಮನೆಯಲ್ಲಿ ಹೀಗೆ ಒಲ್ಲೆ ಅನ್ನುತ್ತಲೇ ಏಳು ಹೋಳಿಗೆ ತಿಂದು ಎದ್ದಿದ್ದರು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ನನ್ನ ಬೆರಳಿನ ಸಂದು ನೋಡಲಿಲ್ಲ. ಬೆರಳಿಗೆ ಹಿಟ್ಟು ಮೆತ್ತಿತ್ತು, ಆದರೂ ನೋಡಬಹುದಿತ್ತು.

ಮರುದಿನ ಅವಳು ಮೊಬೈಲಿನಲ್ಲಿ ಬಣ್ಣ ಬಣ್ಣದ ಪಟ್ಟಿ ಮಾಡಿ ಎಲ್ಲರಿಗೂ ಕಳಿಸಿದಳು. ಹೋಗುವವರ ಸಾಲಿನಲ್ಲಿ ನನ್ನ ಹೆಸರಿಲ್ಲ. ಮಾಡಬೇಕಾದ ಕೆಲಸಗಳ ಸಾಲಿನಲ್ಲಿ ಒಂಬತ್ತು ಕಡೆ ‘ಮಮ್ಮಿ’. ಚಪಾತಿ, ಪಲ್ಯ: ಮಮ್ಮಿ. ಚಿನ್ನುವಿನ ಎರಡು ಜೊತೆ ಬಟ್ಟೆ: ಮಮ್ಮಿ. ವಾಂತಿ ಗುಳಿಗೆ: ಮಮ್ಮಿ. ಬೆಳಿಗ್ಗೆ ಐದಕ್ಕೆ ಎಲ್ಲರನ್ನೂ ಎಬ್ಬಿಸುವುದು: ಮಮ್ಮಿ. ಆ ರಾತ್ರಿ ಆರತಿ ತಟ್ಟೆ, ಘಂಟೆ, ಪಂಚಪಾತ್ರೆ ಎಲ್ಲಕ್ಕೂ ಹುಣಸೆಹಣ್ಣು ಬಿತ್ತು.

ಆದರೆ ಆ ಪಟ್ಟಿಯಲ್ಲಿ ಹೋಗುವವರು ಐದು ಜನ ಇದ್ದರು. ಮಕ್ಕಳು ಮೂವರು, ಇವರು ಒಬ್ಬರು. ಐದನೆಯ ಹೆಸರು ‘ಅತ್ಯಾ’. ಅಂದರೆ ಇವರ ಅಕ್ಕ, ವಿಲೆ ಪಾರ್ಲೆಯ ಸರೋಜಕ್ಕ. ವಯಸ್ಸು ಅರವತ್ತೆರಡು, ಎರಡೂ ಮೊಣಕಾಲು ನೋವು. ನಾನು ಓದಿ ಮುಗಿಸುವುದರೊಳಗೆ ಸರೋಜಕ್ಕನದೇ ಫೋನು. “ಸುಮಾ, ಅನಘಾ ನನಗೂ ಟಿಕೆಟ್ ಕಳಿಸ್ಯಾಳವಾ! ಈ ಮುದುಕಿನ್ನ ಮರೀಲಿಲ್ಲ ನೋಡ ಹುಡುಗಿ. ಹಳದಿ ಡ್ರೆಸ್ ಹಾಕ್ಕೊಳ್ಳಲೋ, ನೀಲಿದು ಹಾಕ್ಕೊಳ್ಳಲೋ?” ನಾನು ನೀಲಿ ಎಂದೆ. ಮತ್ತೇನು ಹೇಳಲಿ? ಗಂಡನ ಅಕ್ಕ ಹೋಗುವುದು ಬೇಡ ಅಂದರೆ ನಾನು ಕೆಟ್ಟವಳಾಗುತ್ತೇನೆ. ಫೋನಿಟ್ಟು ಅನಘಾಳನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದೆ.

“ಅತ್ಯಾನ್ನ ಯಾರ ಕರದ್ರು?”

“ಕೋಯೀ ನಹೀ. ಅವರ ದೊಡ್ಡ ವಾಟರ್ ಬ್ಯಾಗ್ ಕೇಳಾಕ ಫೋನ್ ಮಾಡಿದ್ದೆ. ಪಾರ್ಕಿಗೆ ಹೋಗ್ತೀವಿ ಅಂದೆ. ಅವರೇ ಲಾಸ್ಟ್ ಮೇ ಬೋಲೀ, ‘ಆತವಾ, ಹಂಗಾರ ಬರ್ತೀನಿ.’”

“ಅದು ಫೋನ್ ಇಡೂ ಮಾತು, ಹುಚ್ಚಿ! ಬರ್ತೀನಿ ಅಂದ್ರ ಹೋಗ್ತೀನಿ ಅಂತ!”

ಅವಳು ಕಣ್ಣು ಪಿಳುಕಿಸಿದಳು. “ಬರ್ತೀನಿ ಮತ್ಲಬ್ ಹೋಗ್ತೀನಿ?”

“ಹೌದು!”

“ಔರ್ ಒಲ್ಲೆ?”

“ಒಲ್ಲೆ ಅಂದ್ರ ಇನ್ನೊಮ್ಮೆ ಕೇಳು ಅಂತ!”

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅವಳು ಮಾತ್ರ ನ್ಯಾಯಾಧೀಶರ ಹಾಗೆ ನಿಂತು, “ಮಮ್ಮಿ, ಕಾಲೇಜಿನ್ಯಾಗ ನಮಗ ಹೇಳ್ಯಾರ. ನೋ ಮೀನ್ಸ್ ನೋ,” ಎಂದಳು. ಒಳ್ಳೆಯದನ್ನೇ ಹೇಳಿದ್ದಾರೆ, ಹೆಣ್ಣುಮಕ್ಕಳಿಗೆ ಹೇಳಲೇಬೇಕಾದ ಮಾತು. ಆದರೆ ನನ್ನ ಸಿಟ್ಟು ಅದನ್ನೆಲ್ಲ ಕೇಳುವ ಸ್ಥಿತಿಯಲ್ಲಿರಲಿಲ್ಲ. “ಅದು ನೋ. ಇದು ಒಲ್ಲೆ!” ಎಂದೆ.

ಅನಘಾ ಮೆಲ್ಲಗೆ ಮೊಬೈಲ್ ತೆಗೆದಳು. “ಮಮ್ಮಿ, ಬರ್ತೀ?”

“ಈಗ್ಯಾಕ ಕೇಳ್ತಿ? ನಾ ಒಲ್ಲೆ.”

“ಬರ್ತೀ?”

“ಮನ್ಯಾಗ ಕೆಲಸ ಅದ.”

“ಬರ್ತೀ, ಪ್ಲೀಸ್?”

“ಇಷ್ಟ ಒತ್ತಾಯ ಮಾಡಿದ್ರ ಏನ್ ಮಾಡೂದವಾ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡೆ.

ಹೀಗೆ ಏಳು ಸೀಟಿನ ಬಾಡಿಗೆ ಗಾಡಿಯಲ್ಲಿ ನಾವು ಆರೂ ಜನ ಹೋದೆವು. ಸಮರ್ಥ ಗಾಬರಿಯಲ್ಲಿ ಅಪ್ಪನ ಪಾಠ ತಿರುವುಮುರುವು ಮಾಡಿ, ಟಿಕೆಟ್ ಗೇಟಿನಲ್ಲಿ ಹಿಮ್ಮಡ ಎತ್ತಿ ದೊಡ್ಡವನಾದ, ರೈಲಿನ ಮುಂದೆ ಮೊಣಕಾಲು ಬಗ್ಗಿಸಿ ಸಣ್ಣವನಾದ. ಅತ್ತ. ದೇವರಿದ್ದಾನೆ ಎಂದು ಮೂರನೆಯ ಬೆರಳು ಮಡಚಿದೆ. ಚಿನ್ನು ಕರಡಿಯನ್ನು ನೋಡಿ ಕಿರುಚಿದಳು, ಕರಡಿಯೇ ಹೆದರಿ ಹಿಂದೆ ಸರಿಯಿತು.

ಕೊನೆಗೆ ದೋಣಿ ಬಂತು. ಚಿನ್ನುವಿನಷ್ಟು ಸಣ್ಣವರನ್ನು ಹತ್ತಿಸುವುದಿಲ್ಲ, ಯಾರಾದರೊಬ್ಬರು ಅವಳನ್ನೂ ಚೀಲಗಳನ್ನೂ ಹಿಡಿದು ಬೆಂಚಿನ ಮೇಲೆ ಕೂಡಬೇಕು. ಸರೋಜಕ್ಕ, “ನಾ ಒಲ್ಲೆ, ನನ್ನ ಮೊಣಕಾಲ ಹಿಡೀತಾವ, ನಾ ಕೂಡ್ತೀನಿ,” ಎಂದರು. ನಾನು ಚಪ್ಪಲಿ ಬಿಚ್ಚಿ ಸೆರಗು ಸಿಕ್ಕಿಸಿಕೊಂಡೆ. ಆಗ ಅನಘಾ ಮುಂದೆ ಬಂದು, ಹೊಸದಾಗಿ ಕಲಿತ ಪಾಠವನ್ನು ಒಪ್ಪಿಸುವ ಹುಮ್ಮಸ್ಸಿನಲ್ಲಿ, “ಅತ್ಯಾ, ಬರ್ರಿ,” ಎಂದಳು. ಒಲ್ಲೆ ಎಂದರು. “ಅತ್ಯಾ, ಬರ್ರಿ ನಾ.” ಒಲ್ಲೆವಾ ಎಂದರು. “ಅತ್ಯಾ, ಪ್ಲೀಸ್!” ಅರವತ್ತೆರಡರ ಸರೋಜಕ್ಕ ಮೊಣಕಾಲು ಮರೆತು, “ನೀ ಬಿಡೂ ಹುಡುಗಿ ಅಲ್ಲ ಬಿಡು,” ಎಂದು ಕುಣಿಯುತ್ತ ಹೋಗಿಯೇಬಿಟ್ಟರು. ನಮ್ಮನೆಯವರೂ ಸಮರ್ಥನೂ ಹಿಂದೆ ಹೋದರು. ನಾನು ಬೆಂಚಿನ ಮೇಲೆ ನಾಲ್ಕು ಚೀಲ, ಒಂದು ವಾಟರ್ ಬ್ಯಾಗು, ನಿದ್ದೆಗೆಟ್ಟು ಅಳುವ ಮಗು ಹಿಡಿದುಕೊಂಡು ಕೂತೆ. ಕೈಗೆ ಹುಣಸೆಹಣ್ಣು ಸಿಕ್ಕಿದ್ದರೆ ಆ ಬೆಂಚು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಇಳಿದು ಬಂದ ಸರೋಜಕ್ಕ ನೀಲಿ ಡ್ರೆಸ್ಸಿನ ನೀರು ಹಿಂಡುತ್ತ, “ಏ ಸುಮಾ, ಜೀವ ಹಗುರಾತು ನೋಡವಾ. ನೀ ಹೋಗು, ಚಿನ್ನೂನ್ನ ನಾ ಹಿಡ್ಕೋತೀನಿ,” ಎಂದರು. ನಾನು ಬಾಯಿ ತೆರೆಯುವುದರೊಳಗೆ ಅನಘಾ ಕೈ ಹಿಡಿದು, “ಮೂರೂ ಸಲ ಕೇಳಿದೆ ಅಂತ ತಿಳ್ಕೋ,” ಎಂದು ಎಳೆದುಕೊಂಡು ಹೋದಳು.

ದೋಣಿ ಕಟಕಟ ಎಂದು ಏರಿತು. ವಾರದ ಸಿಟ್ಟೆಲ್ಲ ಗಂಟಲಲ್ಲಿ ತಂದು ನಿಲ್ಲಿಸಿಕೊಂಡೆ. ಆ ‘ಓಕೆ’, ಆ ಒಂಬತ್ತು ‘ಮಮ್ಮಿ’, ಆ ಬೆಂಚು. ಬೀಳುವಾಗ ‘ವಿಠ್ಠಲಾ’ ಎಂದು ಕೂಗಬೇಕೆಂದು ಮೊದಲೇ ನಿಶ್ಚಯ ಮಾಡಿಕೊಂಡಿದ್ದೆ, ಸಿಟ್ಟೂ ಇಳಿಯುತ್ತದೆ, ಪುಣ್ಯವೂ ಬರುತ್ತದೆ. ದೋಣಿ ತುದಿಯಲ್ಲಿ ಒಂದು ಕ್ಷಣ ನಿಂತಿತು. ಕೆಳಗೆ ನೋಡಿದೆ. ನನ್ನ ಬಾಯಿಂದ ಹೊರಟದ್ದು, “ಒಲ್ಲೇ! ಒಲ್ಲೆ, ಒಲ್ಲೆ, ಒಲ್ಲೇ!” ಜನ್ಮದಲ್ಲಿ ಮೊದಲ ಸಲ ನಿಜವಾಗಿ ಒಲ್ಲದೆ ಅಂದ ಒಲ್ಲೆ ಅದು. ದೋಣಿ ನಮ್ಮ ಕಡೆಯದಲ್ಲ, ಒಂದು ಸಲವೂ ಕೇಳದೆ ಇಳಿದುಬಿಟ್ಟಿತು.

ಕೆಳಗೆ ಬಂದಾಗ ಸೀರೆ ತೊಯ್ದು ಮೈಗಂಟಿತ್ತು, ಗಂಟಲು ಬಿದ್ದಿತ್ತು, ಎದೆಯಲ್ಲಿ ಒಂದು ಕಾಳಿನಷ್ಟೂ ಸಿಟ್ಟಿರಲಿಲ್ಲ. ಈಗಿಂದೀಗಲೇ ಮತ್ತೆ ಹತ್ತಬೇಕು ಅನ್ನಿಸಿತು. ಅನಘಾ ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಕೇಳಿದಳು, “ಮಮ್ಮಿ, ಇನ್ನೊಮ್ಮೆ ಹೋಗೋಣ?”

“ಒಲ್ಲೆವಾ,” ಎಂದೆ.

“ಓಕೆ,” ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಐಸ್‌ಕ್ರೀಮಿನ ಕಡೆ ಹೊರಟೇಬಿಟ್ಟಳು.

ಸೋಮವಾರ ಬೆಳಿಗ್ಗೆ ನಮ್ಮನೆಯವರು ಸ್ನಾನ ಮಾಡಿ ದೇವರ ಮುಂದೆ ಬಂದು ನಿಂತರು. ತಂಬಿಗೆ ನೋಡಿದರು, ನನ್ನನ್ನು ನೋಡಿದರು.

“ಸುಮಾ, ಇವತ್ತೇನ ಹಬ್ಬ?”